ಯಂತ್ರದ ಲೆಕ್ಕ, ಮನುಷ್ಯನ ಸಹಿ
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಹಾಜರಿ, ಪಗಾರದ ಲೆಕ್ಕ ಬರೆಯುವ ನಮಗೆ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಮಾತನಾಡುವ ಪಾಂಡಿತ್ಯವೆಲ್ಲಿಯದು ಎಂದು ತಾವು ಕೇಳಬಹುದು. ಪಾಂಡಿತ್ಯವಿಲ್ಲ, ನಿಜ. ಆದರೆ ಆ ಯಂತ್ರ ಮಾಡಹೊರಟಿರುವುದು ನಮ್ಮದೇ ಕೆಲಸವನ್ನು. ಅದು ತಪ್ಪಿದರೆ ಫಲ ಉಣ್ಣುವವರೂ ಬಹುಮಟ್ಟಿಗೆ ನಮ್ಮಂಥವರೇ.

ಆಸ್ಟ್ರೇಲಿಯದ ಸಂಗತಿಯೊಂದನ್ನು ಕೇಳಿರಿ. ಅಲ್ಲಿ ಕೆಲಸವಿಲ್ಲದವರಿಗೆ ಸರಕಾರ ಪಕ್ಷಕ್ಕೊಮ್ಮೆ, ಅಂದರೆ ಹದಿನಾಲ್ಕು ದಿನಕ್ಕೊಮ್ಮೆ, ಸಹಾಯಧನ ಕೊಡುತ್ತದೆ. ಹೆಚ್ಚಾಗಿ ಪಡೆದವರನ್ನು ಹುಡುಕಲು 2015ರಲ್ಲಿ ಒಂದು ಯೋಜನೆ ಹೊರಟಿತು. ಜನ ಅದಕ್ಕೆ ‘ರೋಬೋಡೆಟ್’ ಎಂದು ಹೆಸರಿಟ್ಟರು. ತೆರಿಗೆ ಕಚೇರಿಯಿಂದ ಬಂದ ವರ್ಷದ ಗಳಿಕೆಯನ್ನು ಗಣಕಯಂತ್ರ 26 ಪಾಲು ಮಾಡಿ ಪ್ರತಿ ಪಕ್ಷಕ್ಕೂ ಸಮನಾಗಿ ಹಂಚಿತು. ಲೆಕ್ಕವೇನೋ ಸರಿ!

ನಮ್ಮ ಬದಲಿ ಕೆಲಸಗಾರನನ್ನೇ ತೆಗೆದುಕೊಳ್ಳೋಣ. ವರ್ಷದಲ್ಲಿ 13 ಪಕ್ಷ ಕೆಲಸ ಸಿಕ್ಕಿತು, ಪಕ್ಷಕ್ಕೆ 8,000 ರೂಪಾಯಿ. ಉಳಿದ 13 ಪಕ್ಷ ಬರಿಗೈ. ಒಟ್ಟು 1,04,000, 26ರಿಂದ ಭಾಗಿಸಿದರೆ 4,000. ಅಂದಮೇಲೆ ಬರಿಗೈಯಲ್ಲಿದ್ದ ಪಕ್ಷದಲ್ಲೂ ಅವನು ನಾಲ್ಕು ಸಾವಿರ ದುಡಿದಂತಾಯಿತು! ಪಡೆದ ಸಹಾಯಧನ ಹಿಂದಿರುಗಿಸೆಂದು ನೋಟೀಸು. ಮೊದಲಾದರೆ ಅನುಮಾನ ಬಂದಲ್ಲಿ ಸಿಬ್ಬಂದಿಯವರೇ ಮಾಲಿಕನನ್ನು ವಿಚಾರಿಸಿ ನೋಡುತ್ತಿದ್ದರು. ಆ ವಿಚಾರಣೆಯನ್ನು ತೆಗೆದುಹಾಕಿದ್ದೇ ದೊಡ್ಡ ಉಳಿತಾಯವೆನಿಸಿತು. ಹಲವು ವರ್ಷಗಳ ಹಿಂದಿನ ಪಗಾರ ಚೀಟಿ ಹುಡುಕಿ ತರುವ ಹೊರೆ ಬಡವನ ತಲೆಗೆ ಬಿತ್ತು. 2019ರಲ್ಲಿ ಈ ಬಗೆಯ ವಸೂಲಿ ಕಾನೂನಿಗೆ ಸಲ್ಲದೆಂದು ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸುಮಾರು 4,70,000 ಸಾಲಗಳ ಬಾಬ್ತು 72 ಕೋಟಿ ಡಾಲರು ಹಿಂದಿರುಗಿಸುವುದಾಗಿ ಸರಕಾರ 2020ರಲ್ಲಿ ಒಪ್ಪಿತು. 2023ರಲ್ಲಿ ವಿಚಾರಣಾ ಆಯೋಗದ ವರದಿಯೂ ಬಂತು. ಅಷ್ಟರಲ್ಲಿ ಎಷ್ಟು ಮನೆಗಳ ನೆಮ್ಮದಿ ಹೋಗಿತ್ತೋ!

ಇದು ಬರಿಯ ಭಾಗಾಕಾರ, ಶಾಲೆಯ ಹುಡುಗನೂ ತಾಳೆ ನೋಡಬಲ್ಲ. ಈಗ ಬರುತ್ತಿರುವ ಯಂತ್ರಗಳು ಲಕ್ಷಾಂತರ ಹಳೆಯ ದಾಖಲೆಗಳಿಂದ ತಾವೇ ಪಾಠ ಕಲಿಯುತ್ತವೆ. ಏಕೆ ಹೀಗೆಂದಿರಿ ಎಂದರೆ ತೋರಿಸಲು ಒಂದು ಸಾಲೂ ಇರುವುದಿಲ್ಲ. ಆದುದರಿಂದಲೇ ಐರೋಪ್ಯ ಒಕ್ಕೂಟ 2024ರಲ್ಲಿ ಮಾಡಿದ ಕಾಯಿದೆಯು, ಅಪಾಯ ಹೆಚ್ಚಿರುವ ಕೆಲಸಗಳಲ್ಲಿ ಯಂತ್ರ ತನ್ನ ನಡೆಯ ದಾಖಲೆ ಇಡಬೇಕು, ಅದನ್ನು ತಡೆಯಬಲ್ಲ ಮನುಷ್ಯನಿರಬೇಕು ಎನ್ನುತ್ತದೆ. ಒಳ್ಳೆಯದೇ. ಆದರೆ ಆ ಮನುಷ್ಯನ ಮುಂದೆ ದಿನಕ್ಕೆ ಐನೂರು ಕಾಗದ ರಾಶಿ ಹಾಕಿದರೆ ಅವನು ಓದುವುದೆಲ್ಲಿ? ಸಹಿ ಹಾಕುತ್ತಾ ಹೋಗುತ್ತಾನೆ, ಅಷ್ಟೆ. ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಖರ್ಚಿನ ಮಾತೂ ಉಂಟು. ಇಂಥ ಯಂತ್ರಗಳನ್ನೂ ಇತರ ಗಣಕಗಳನ್ನೂ ಇಟ್ಟಿರುವ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ ಒಂದೂವರೆಯಷ್ಟನ್ನು ಬಳಸಿದವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಹಾಜರಿ ಪುಸ್ತಕ ಸಾಕಾಗುವಲ್ಲಿ ಅದನ್ನೇಕೆ ಉರಿಸಬೇಕು?

ಬಂಧುಗಳು ಪಗಾರ ಚೀಟಿಗಳನ್ನು ಎಸೆಯದೆ ಇಡಬೇಕು. ಯಂತ್ರದ ನೋಟೀಸು ಬಂದರೆ, ಲೆಕ್ಕ ಹೇಗಾಯಿತು, ಯಾವ ಅಧಿಕಾರಿ ನೋಡಿದರು ಎಂದು ಬರವಣಿಗೆಯಲ್ಲಿ ಕೇಳಬೇಕು. ಅಂಥ ಅರ್ಜಿ ಬರೆದುಕೊಡಲು ನಾವು ಭಾನುವಾರ ಬೆಳಿಗ್ಗೆ ಇದೇ ವಾಚನಾಲಯದಲ್ಲಿ ಇರುತ್ತೇವೆ. ಬರುವಾಗ ನೋಟೀಸಿನ ಮೂಲ ಪ್ರತಿ ತರುವುದನ್ನು ಮರೆಯಬೇಡಿರಿ.