ತಟ್ಟೆ ಬೇರೆ ಇಡಬೇಡಿ, ಬಾಗಿಲು ತೆಗೀರಿ

(ತುಮಕೂರು ಜಿಲ್ಲೆಯ ಹೋಬಳಿ ಸಭೆಯೊಂದರಲ್ಲಿ ಸಂಘದ ಕಾರ್ಯಕರ್ತರೊಬ್ಬರು ಮಾಡಿದ ಭಾಷಣದ ಬರಹ ರೂಪ. ಆಡುಮಾತನ್ನು ಹೆಚ್ಚು ತಿದ್ದಿಲ್ಲ.)



ನಾನು ಡಾಕ್ಟರಲ್ಲ. ಪಿ.ಯು.ಸಿ. ಫೇಲಾದವನು. ಆದರೂ ಈವತ್ತು ಕ್ಷಯರೋಗದ ಬಗ್ಗೆ ಮಾತಾಡೋಕೆ ನನ್ನನ್ನೇ ಇಲ್ಲಿ ನಿಲ್ಲಿಸಿದ್ದಾರೆ. ಯಾಕೆಂದರೆ ಆ ರೋಗ ನಮ್ಮ ಮನೆಗೆ ಎರಡು ಸಲ ಬಂದಿತ್ತು. ಮೊದಲನೇ ಸಲ ನಮ್ಮಪ್ಪನನ್ನು ತಗೊಂಡು ಹೋಯಿತು. ಎರಡನೇ ಸಲ ನನಗೇ ಬಂತು, ನಾನು ನಿಮ್ಮ ಮುಂದೆ ನಿಂತಿದ್ದೀನಿ. ಒಂದೇ ಮನೆ, ಒಂದೇ ರೋಗ. ಅವನು ಯಾಕೆ ಸತ್ತ, ನಾನು ಯಾಕೆ ಉಳಿದೆ ಅನ್ನೋದನ್ನ ಹೇಳೋಕೆ ಬಂದಿದ್ದೀನಿ.

1996ನೇ ಇಸವಿ. ಅಪ್ಪ ಕಲ್ಲು ಕ್ವಾರಿಯಲ್ಲಿ ಜಲ್ಲಿ ಒಡೀತಿದ್ದ. ಯುಗಾದಿ ಕಳೆದ ಮೇಲೆ ಕೆಮ್ಮು ಹತ್ತಿಕೊಂಡಿತು. ಧೂಳು ಕುಡಿಯೋನಿಗೆ ಕೆಮ್ಮು ಇರದೆ ಇನ್ನೇನು ಅಂದುಕೊಂಡೆವು. ಆಮೇಲೆ ಸಂಜೆ ಸಂಜೆಗೆ ಜ್ವರ. ರಾತ್ರಿ ಬೆವರಿ ಬೆವರಿ ಕಂಬಳಿ ಒದ್ದೆ. ಉಣ್ಣೋ ಮುದ್ದೆ ಅರ್ಧಕ್ಕೆ ಬಂತು. ಉಡದಾರ ಎರಡು ಸಲ ಬಿಗಿ ಮಾಡಿ ಕಟ್ಟಿದರೂ ಜಾರೋದು. ಮೂರು ಸಲ ಆಸ್ಪತ್ರೆಗೆ ಹೋದ. ಯಾವ ಆಸ್ಪತ್ರೆ ಅಂತ ಹೇಳಲ್ಲ, ಈಗ ಅಲ್ಲಿರೋರು ಬೇರೆ. ಮೂರು ಸಲವೂ ಮನೆಯಿಂದ ಒಯ್ದ ಬಾಟ್ಲಿಗೆ ಕೆಂಪು ಔಷಧ ಹುಯ್ದು ಕಳಿಸಿದರು. ಎದೆಗೆ ಕೊಳವೆ ಇಡಲಿಲ್ಲ. ಕಫ ಕೊಡಪ್ಪ ಅಂತ ಒಬ್ಬರೂ ಕೇಳಲಿಲ್ಲ. 'ಬೀಡಿ ಬಿಡು' ಅಂದರಂತೆ, ಅಷ್ಟೆ. ಆಮೇಲೆ ಪೇಟೆಯ ಖಾಸಗಿ ಡಾಕ್ಟರ ಹತ್ತಿರ ಸೂಜಿ, ಗ್ಲೂಕೋಸು. ಎರಡು ಮೇಕೆ ಅದಕ್ಕೆ ಹೋದವು. ಕೆಮ್ಮಿದಾಗ ರಕ್ತ ಬಿದ್ದ ಮೇಲೆ ಜಿಲ್ಲಾ ಆಸ್ಪತ್ರೆಗೆ ಹೊತ್ಕೊಂಡು ಹೋದೆವು. ಅಲ್ಲಿ ಕಫ ನೋಡಿ ಟಿ.ಬಿ. ಅಂದರು, ಮಾತ್ರೆ ಕೊಟ್ಟರು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈಗೆ ಸ್ವಲ್ಪ ಕಸುವು ಬಂತು. ಕೂಲಿ ಬಿಟ್ಟು ಎಷ್ಟು ದಿನ ಕೂತಾನು? ಕ್ವಾರಿಗೆ ಹೋದ, ಮಾತ್ರೆ ಬಿಟ್ಟ. ಮುಂದಿನ ಶಿವರಾತ್ರಿ ಹೊತ್ತಿಗೆ ಅಪ್ಪ ಇರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಟಿ.ಬಿ. ಅಂತ ತಿಳಿದ ದಿನದಿಂದ ಅವ್ವ ಅಪ್ಪನ ತಟ್ಟೆ, ಲೋಟ ಬೇರೆ ಮಾಡಿದಳು. ಜಗಲಿ ಮೇಲೆ ಅವನ ಊಟ. ತಟ್ಟೆ ಒಯ್ದು ಇಡೋನು ನಾನು. ಇಟ್ಟು ಹಿಂದಕ್ಕೆ ಸರೀತಿದ್ದೆ. ಅಪ್ಪ ತಾನೇ ತೊಳೆದು ತಾನೇ ಸೂರಿನ ಸಂದಿಗೆ ಸಿಕ್ಕಿಸಬೇಕು. ಒಂದು ದಿನ ಆ ಲೋಟ ನೋಡ್ತಾ ಅಪ್ಪ ಅಂದ: 'ಹೋಟ್ಲಾಗೆ ಇಂಥದೇ ಒಂದು ಇತ್ತು ಕಣ್ಲಾ.' ಅಷ್ಟೇ ಅಂದಿದ್ದು. ಹೋಟ್ಲಿನ ಹೊರಗೆ ನಮ್ಮವರಿಗೆ ಅಂತ ಸಿಕ್ಕಿಸಿಟ್ಟ ಲೋಟ, ನಾವೇ ತೊಳೆದು ನಾವೇ ಇಡಬೇಕಾದ ಲೋಟ, ಅದು ನಿಮಗೆಲ್ಲ ಗೊತ್ತು. ಅದರ ಮೇಲೆ ಹೋರಾಟ ಮಾಡಿದ ಜನ ನಾವು. ನಾವೇ ನಮ್ಮಪ್ಪನಿಗೆ ಆ ಲೋಟ ಕೊಟ್ಟೆವು.

ಕೊಟ್ಟಿದ್ದರಿಂದ ಏನಾದರೂ ಉಪಯೋಗ ಆಯಿತಾ ಅಂದರೆ ಅದೂ ಇಲ್ಲ. ಕ್ಷಯ ತಟ್ಟೆಯಿಂದ ಬರಲ್ಲ, ಲೋಟದಿಂದ ಬರಲ್ಲ, ಬಟ್ಟೆಯಿಂದ ಬರಲ್ಲ, ಮುಟ್ಟಿದರೆ ಬರಲ್ಲ. ಗಾಳಿಯಲ್ಲಿ ಬರುತ್ತೆ. ಪುಪ್ಪುಸದ ಕ್ಷಯ ಇರೋನು ಕೆಮ್ಮಿದಾಗ ಕಣ್ಣಿಗೆ ಕಾಣದ ಹನಿಗಳಲ್ಲಿ ಕ್ರಿಮಿ ಹೊರಗೆ ಬಂದು ಗಾಳಿಯಲ್ಲಿ ತೇಲ್ತಾ ಇರುತ್ತೆ. ಅದೇ ಗಾಳಿಯನ್ನು ದಿನಗಟ್ಟಲೆ ಉಸಿರಾಡಿದವರಿಗೆ ಅಂಟುತ್ತೆ. ಬಿಸಿಲು ಬಿದ್ದರೆ ಆ ಕ್ರಿಮಿ ಸಾಯುತ್ತೆ, ಗಾಳಿ ಆಡಿದರೆ ಚದುರಿ ಹೋಗುತ್ತೆ. ಅಪ್ಪನ ತಟ್ಟೆ ಹೊರಗಿಟ್ಟೆವು, ರಾತ್ರಿ ಚಳಿ ಅಂತ ಬಾಗಿಲು ಮುಚ್ಚಿ ಆರು ಜನ ಒಂದೇ ಅಂಕಣದಲ್ಲಿ ಅವನ ಪಕ್ಕದಲ್ಲೇ ಮಲಗಿದೆವು. ಮಾಡಬಾರದ್ದನ್ನ ಮಾಡಿದೆವು, ಮಾಡಬೇಕಾದ್ದನ್ನ ಬಿಟ್ಟೆವು.

'ಬಾಗಿಲು, ಕಿಟಕಿ ತೆಗೀರಿ ಅಂತೀಯಲ್ಲ, ನಮ್ಮ ಮನೆಗೆ ಕಿಟಕಿ ಎಲ್ಲೈತೆ?' ಅಂತ ಅಲ್ಲಿ ಕೂತಿರೋ ಅಕ್ಕ ಕೇಳ್ತಿದ್ದಾಳೆ. ಸರಿಯಾದ ಪ್ರಶ್ನೆ. ಕ್ರಿಮಿಗೆ ಜಾತಿ ಇಲ್ಲ ಅನ್ನೋದು ನಿಜ. ಅರಮನೆಗೂ ಹೋಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಸತ್ತದ್ದು ಇದೇ ರೋಗದಿಂದ. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರೇ ಇದೆ. ಆದರೆ ಕ್ರಿಮಿ ಹೊಕ್ಕವರಿಗೆಲ್ಲ ರೋಗ ಬರಲ್ಲ. ಹತ್ತು ಜನಕ್ಕೆ ಹೊಕ್ಕರೆ ಬದುಕಿರೋ ತನಕ ಒಬ್ಬರಿಗೋ ಏನೋ ರೋಗ ಆಗುತ್ತೆ, ಉಳಿದವರಲ್ಲಿ ಮಲಗಿರುತ್ತೆ. ಹೊಟ್ಟೆಗಿಲ್ಲದ ಮೈಯಲ್ಲಿ ಎದ್ದೇಳುತ್ತೆ. ಕಲ್ಲಿನ ಧೂಳು ತುಂಬಿದ ಎದೆಯಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಎಚ್.ಐ.ವಿ. ಇರೋರಲ್ಲಿ, ಬೀಡಿ ಹೆಂಡದವರಲ್ಲಿ ಎದ್ದೇಳುತ್ತೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಸುರಂಗಕ್ಕೆ ಇಳಿದವರಲ್ಲಿ ಬಹುಪಾಲು ನಮ್ಮವರೇ. ಚಿನ್ನ ಮೇಲಕ್ಕೆ ಬಂತು, ಧೂಳು ಅವರ ಎದೆಯಲ್ಲಿ ಉಳಿಯಿತು. ಹಾಗಾಗಿ ಕ್ರಿಮಿಗೆ ಜಾತಿ ಇಲ್ಲದಿದ್ದರೂ ಕಿಟಕಿಗೆ ಜಾತಿ ಇದೆ, ಕೆಲಸಕ್ಕೆ ಜಾತಿ ಇದೆ. ಮನೆ ಮಂಜೂರು ಮಾಡಿಸೋಕೆ ಅರ್ಜಿ ಬರೆಯುವಾಗ ಕಿಟಕಿಯನ್ನೂ ಸೇರಿಸಿ ಕೇಳಿ ಅಂತ ನಾನು ಹೇಳೋದು ಇದಕ್ಕೇ. ಅಲ್ಲಿ ತನಕ ಕೆಮ್ಮಿರೋರು ಬಾಯಿಗೆ ಟವಲ್ಲು ಹಿಡೀಲಿ, ಹಗಲು ಬಾಗಿಲು ತೆಗೆದಿರಲಿ, ಬೇಸಿಗೆಯಲ್ಲಿ ಆಚೆ ಮಲಗಲಿ. ಒಳಗೆ ಎಲ್ಲರ ಜೊತೆ ಕೂತು ಉಣ್ಣಲಿ.

ಈಗ ಆ ಕೆಂಪು ಔಷಧದ ವಿಚಾರ. ಅದು ನಮ್ಮಪ್ಪನಿಗೆ ಮಾತ್ರ ಆದದ್ದು ಅಂದುಕೊಂಡಿದ್ದೆ. ಹಾಗಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಇದೇ ನಮ್ಮ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಹುಡುಕಿ ಮಾತಾಡಿಸಿದರು. ಅದರ ವರದಿ 1963ರಲ್ಲಿ ಅಚ್ಚಾಯಿತು. ಹಳ್ಳಿ ಜನ ದಡ್ಡರು, ರೋಗ ಬಂದರೂ ತಿಳಿಯಲ್ಲ, ಆಸ್ಪತ್ರೆ ಹತ್ತಿರ ಸುಳಿಯಲ್ಲ ಅಂತ ಓದಿದವರ ಲೆಕ್ಕಾಚಾರ ಇತ್ತಲ್ಲ, ಅದು ಅಲ್ಲೇ ಮುರಿದುಬಿತ್ತು. ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಹೆಚ್ಚೂಕಡಿಮೆ ಎಲ್ಲರಿಗೂ ಗೊತ್ತಿತ್ತು. ಸುಮಾರು ಅರ್ಧ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟ್ಲಿ! ನಮ್ಮಪ್ಪ ಅದಾಗಿ ಮೂವತ್ತು ಚಿಲ್ಲರೆ ವರ್ಷಕ್ಕೆ ಅದೇ ಬಾಟ್ಲಿ ಹಿಡಕೊಂಡು ಬಂದ. ದಡ್ಡರು ಯಾರು ಅಂತ ನೀವೇ ಹೇಳಿ.

ಅದಕ್ಕೇ ಈ ಮಾತು ಗಟ್ಟಿಯಾಗಿ ಹಿಡೀರಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ, ಸಂಜೆ ಜ್ವರ ಬಂದರೆ, ತೂಕ ಇಳಿದರೆ, ಬಾಟ್ಲಿ ತಗೊಂಡು ವಾಪಸ್ ಬರಬೇಡಿ. 'ಕಫ ಪರೀಕ್ಷೆ ಮಾಡಿಸಿ ಸಾರ್' ಅಂತ ಬಾಯಿಬಿಟ್ಟು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸಿಲ್ಲ. ಹೋದ ಹೊತ್ತಿನಲ್ಲೇ ಒಂದು ಡಬ್ಬಿ ಕೊಡಿ, ಮಾರನೇ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ ಇನ್ನೊಂದು ಕೊಡಿ. ಎಂಜಲು ಉಗಿದು ಕೊಟ್ಟರೆ ಇರೋ ರೋಗವೂ ಸಿಗಲ್ಲ. ಎರಡು ಸಲ ಉಸಿರು ಆಳಕ್ಕೆ ಎಳೆದು, ಎದೆಯಿಂದ ಕೆಮ್ಮಿ ಬರೋ ಕಫ ಬೇಕು. ಬಯಲಿಗೆ ಹೋಗಿ ಕೆಮ್ಮಿ. ಮೊದಲು ಸೂಕ್ಷ್ಮದರ್ಶಕದಲ್ಲಿ ಮಾತ್ರ ನೋಡ್ತಿದ್ದರು, ಎಷ್ಟೋ ತಪ್ಪಿಹೋಗೋದು. ಈಗ ಟ್ರೂನಾಟ್, ಸಿಬಿನಾಟ್ ಅಂತ ಮಿಷನ್ನುಗಳಿವೆ. ಕೆಲವೇ ಗಂಟೆಯಲ್ಲಿ ಕ್ರಿಮಿ ಇದೆಯೋ ಇಲ್ಲವೋ, ಮುಖ್ಯವಾದ ಔಷಧಿಗೆ ಬಗ್ಗುತ್ತೋ ಇಲ್ಲವೋ ಎರಡನ್ನೂ ಹೇಳ್ತವೆ. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಇರೋ ಕಡೆಗೆ ಕಫ ಕಳಿಸಿ ಅಂತ ಕೇಳಿ. ಕತ್ತಿನ ಗಂಟು, ಮೂಳೆ, ಹೊಟ್ಟೆಯಲ್ಲೂ ಕ್ಷಯ ಬರುತ್ತೆ. ಅದಕ್ಕೆ ಬೇರೆ ಪರೀಕ್ಷೆ, ಡಾಕ್ಟರು ಹೇಳ್ತಾರೆ.

ಇನ್ನು ನನ್ನ ಕತೆ. ಅಪ್ಪ ಸತ್ತು ಹನ್ನೆರಡು ವರ್ಷಕ್ಕೆ, 2009ರಲ್ಲಿ, ನನಗೆ ಕೆಮ್ಮು ಬಂತು. ಅವನ ಪಕ್ಕ ಮಲಗಿದ್ದಾಗ ಹೊಕ್ಕದ್ದೇ ಎದ್ದಿತೋ, ಎಲ್ಲಿಂದ ಬಂತೋ. ನಾನು ಹದಿನೈದು ದಿನಕ್ಕೇ ಹೋಗಿ ಕಫ ಕೊಟ್ಟೆ. ಆಗಿನ ಪದ್ಧತಿ ವಾರಕ್ಕೆ ಮೂರು ದಿನ, ಅವರ ಕಣ್ಣ ಮುಂದೆ ಮಾತ್ರೆ ನುಂಗೋದು. ಒಂದು ರಟ್ಟಿನ ಡಬ್ಬಿಯಲ್ಲಿ ಅಷ್ಟೂ ತಿಂಗಳ ಮಾತ್ರೆ, ಡಬ್ಬಿ ಮೇಲೆ ನನ್ನ ಹೆಸರು. ಸರ್ಕಾರ ನನ್ನ ಹೆಸರು ಬರೆದು ನನಗಾಗಿ ತೆಗೆದಿಟ್ಟ ವಸ್ತು ಅದಕ್ಕೆ ಮುಂಚೆ ಯಾವುದೂ ಇರಲಿಲ್ಲ. ಅದನ್ನ ನೋಡಿಯೇ ಅರ್ಧ ಧೈರ್ಯ ಬಂತು. ಎರಡನೇ ತಿಂಗಳಿಗೆ ಮೈ ಹಗುರಾಯಿತು. ಮಾತ್ರೆ ಬಿಡೋಣ ಅನ್ನಿಸಿತು. ಅಪ್ಪನೂ ಅಲ್ಲೇ ಎಡವಿದ್ದು. ಮೊದಲು ಸಾಯೋದು ಸುಲಭಕ್ಕೆ ಸಾಯೋ ಕ್ರಿಮಿಗಳು. ಹಟಮಾರಿಗಳು ಕೆಲವು ಉಳಿದಿರ್ತವೆ. ಅರ್ಧಕ್ಕೆ ಬಿಟ್ಟರೆ ಅವು ಬೆಳೀತವೆ, ಔಷಧಿಗೆ ಬಗ್ಗದೆ ಹೋಗ್ತವೆ, ಆ ಬಗ್ಗದ ಕ್ರಿಮಿಯನ್ನೇ ಮನೆಯವರಿಗೂ ಹಂಚ್ತೀವಿ. ಅದಕ್ಕೆ ಆರು ತಿಂಗಳು ಅಂದರೆ ಆರು ತಿಂಗಳು. ಈಗ, 2017ರಿಂದೀಚೆಗೆ, ದಿನಾ ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ಮಾತ್ರ ಆವತ್ತೇ ಡಾಕ್ಟರ ಹತ್ತಿರ ಹೋಗಿ. ಹೆಂಡ ಬೇಡ, ಆರು ತಿಂಗಳು ತಡಕೊಳ್ಳಿ ಕಣ್ರಪ್ಪ.

ರೋಗಿಯನ್ನು ಊರು ಬಿಡಿಸಿ ಆಸ್ಪತ್ರೆಯಲ್ಲೇ ಇಡಬೇಕು ಅನ್ನೋದೂ ಹಳೇ ಮಾತು. ಮದ್ರಾಸಿನಲ್ಲಿ ಅದನ್ನ ಪರೀಕ್ಷೆ ಮಾಡಿ 1959ರಲ್ಲಿ ಫಲಿತಾಂಶ ಹೇಳಿದರು. ಬಡವರನ್ನೇ ತಗೊಂಡು, ಅರ್ಧ ಜನಕ್ಕೆ ಸ್ಯಾನಿಟೋರಿಯಮ್ಮಿನ ಮಂಚ, ಒಳ್ಳೇ ಊಟ. ಅರ್ಧ ಜನಕ್ಕೆ ತಮ್ಮ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ. ವರ್ಷದ ಕೊನೆಗೆ ಎರಡು ಕಡೆಯೂ ಹೆಚ್ಚೂಕಡಿಮೆ ಒಂದೇ ಸಮ ವಾಸಿಯಾಗಿದ್ದರು. ಮನೆಯಲ್ಲೇ ಇದ್ದವರ ಮಕ್ಕಳು ಮರಿಗೆ ರೋಗ ಹೆಚ್ಚಾಗಿ ಹರಡಲೂ ಇಲ್ಲ. ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ಅಂಟಿಸೋ ಶಕ್ತಿ ಬಹಳ ಕುಂದುತ್ತೆ. ಇದನ್ನ ನಮ್ಮ ಅವ್ವನಿಗೆ ಆವತ್ತು ಯಾರಾದರೂ ಹೇಳಿದ್ದರೆ!

ಆದರೆ ಮಾತ್ರೆ ಸಾಕು, ಊಟ ಬೇಡ ಅಂತ ಇದರ ಅರ್ಥ ಅಲ್ಲ. ಮಂಗಳೂರಿನ ಯೆನೆಪೋಯ ವೈದ್ಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಜೊತೆಯವರು 2019ರಿಂದ 2022ರ ತನಕ ಜಾರ್ಖಂಡದ ಬಡ ಮನೆಗಳಲ್ಲಿ ಒಂದು ಕೆಲಸ ಮಾಡಿದರು. 2,800 ರೋಗಿಗಳಿಗೆಲ್ಲ ತಿಂಗಳಿಗೆ ಹತ್ತು ಕಿಲೋ ಆಹಾರ ಕೊಟ್ಟರು. ಆ ಮನೆಗಳಲ್ಲಿ ಅರ್ಧದಷ್ಟು ಮನೆಗಳ ಉಳಿದವರಿಗೂ ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. ಬೇಳೆ ಅಕ್ಕಿ ಹೋದ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತಿದ್ದು ಶೇಕಡಾ 39ರಷ್ಟು ಕಡಿಮೆ. ಅದರಲ್ಲೂ ಅಂಟೋ ಜಾತಿಯ ಕ್ಷಯ ಶೇಕಡಾ 48ರಷ್ಟು ಕಡಿಮೆ. 2023ರಲ್ಲಿ ಇದು ಪ್ರಕಟವಾಯಿತು. ಬೇಳೆ ಲಸಿಕೆಯ ಕೆಲಸ ಮಾಡಿತು ಬಂಧುಗಳೆ. ನಮ್ಮ ಕೇರಿಯ ಮುದುಕಿಯರನ್ನ ಕೇಳಿದ್ದರೆ ಮೊದಲೇ ಹೇಳ್ತಿದ್ದರು, ಆದರೆ ಅವರ ಮಾತಿಗೆ ಶೇಕಡಾ ಲೆಕ್ಕ ಇರಲಿಲ್ಲ. ಡಾಕ್ಟರು ಮೊಟ್ಟೆ, ಮಾಂಸ ತಿನ್ನಿ ಅಂತಾರೆ. ನಮ್ಮ ಕಾಸಿಗೆ ದಕ್ಕುತ್ತಿದ್ದ ಮಾಂಸ ಯಾವುದು, 2021ರಲ್ಲಿ ಬಂದ ಕಾನೂನು ಯಾರ ತಟ್ಟೆಗೆ ಕೈ ಹಾಕಿತು ಅನ್ನೋದನ್ನ ಆ ಚೀಟಿಯಲ್ಲಿ ಯಾರೂ ಬರೆಯಲ್ಲ.

ರೋಗಿಗೆ ಊಟದ ಖರ್ಚಿಗೆ ಅಂತ ತಿಂಗಳಿಗೆ ದುಡ್ಡು ಉಂಟು. 2018ರಲ್ಲಿ ಐನೂರು ರೂಪಾಯಿಂದ ಶುರುವಾಯಿತು, 2024ರ ನವೆಂಬರಿಂದ ಸಾವಿರ. ಬ್ಯಾಂಕ್ ಖಾತೆಗೆ ಬರುತ್ತೆ. ಖಾಸಗಿ ಡಾಕ್ಟರ ಹತ್ತಿರ ಹೋದವರಿಗೂ ಇದೆ, ಅವರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2012ರಿಂದ ಆಜ್ಞೆ ಇದೆ. ಆ ದುಡ್ಡು ನಿಮ್ಮ ಹಕ್ಕು. ತಡವಾದರೆ ಸಂಘಕ್ಕೆ ತಿಳಿಸಿ, ಒಬ್ಬೊಬ್ಬರೇ ಹೋಗಿ ಕೈಕಟ್ಟಿ ನಿಲ್ಲಬೇಡಿ. ಮಾತ್ರೆ 'ಸ್ಟಾಕಿಲ್ಲ' ಅಂದರೂ ಹಾಗೇ ಮಾಡಿ. 2024ರ ಮಾರ್ಚಿನಲ್ಲಿ ದಿಲ್ಲಿಯವರೇ ಸರಬರಾಜು ತಡ ಆಗಿದೆ, ನೀವೇ ಕೊಂಡುಕೊಳ್ಳಿ ಅಂತ ರಾಜ್ಯಗಳಿಗೆ ಕಾಗದ ಬರೆದಿದ್ದರು. 2025ಕ್ಕೆ ದೇಶ ಕ್ಷಯಮುಕ್ತ ಅಂತ 2018ರಲ್ಲಿ ಸಾರಿದ್ದೂ ಅವರೇ. ರೋಗಿ ಮಾತ್ರೆ ಬಿಟ್ಟರೆ ಬೇಜವಾಬ್ದಾರಿ ಅಂತಾರೆ. ಸರ್ಕಾರ ಮಾತ್ರೆ ಕೊಡೋದನ್ನ ಬಿಟ್ಟರೆ ಅದಕ್ಕೆ ಏನಂತಾರೆ?

ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ. ಮದುವೆ ತಪ್ಪುತ್ತೆ ಅಂತ ಹುಡುಗಿಯರ ಕೆಮ್ಮನ್ನ ಮುಚ್ಚಿಡಬೇಡಿ. ಪೂರ್ತಿ ಮಾತ್ರೆ ತಗೊಂಡ ಹುಡುಗಿ ಮದುವೆ ಆಗಬಹುದು, ಮಕ್ಕಳನ್ನ ಹೆರಬಹುದು. ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿ. ರೋಗ ಇಲ್ಲದವರಿಗೂ, ಒಳಗೆ ಮಲಗಿರೋ ಕ್ರಿಮಿ ಏಳದ ಹಾಗೆ, ತಡೆಗಟ್ಟೋ ಮಾತ್ರೆ ಕೊಡ್ತಾರೆ. 1996ರಲ್ಲಿ ನನಗೆ ಯಾರೂ ಕೊಡಲಿಲ್ಲ.

ಅವ್ವ ಈಗಲೂ ಇದ್ದಾಳೆ. ನನಗೆ ರೋಗ ಬಂದಾಗ ಅವಳು ಮತ್ತೆ ಅಟ್ಟದಿಂದ ಆ ಹಳೇ ತಟ್ಟೆ ಇಳಿಸಿದಳು. ನಾನು ಅದನ್ನ ತೊಳೆದು ಅವಳ ಮುಂದೆ ಇಟ್ಟು, ಇದರಲ್ಲೇ ಇಬ್ಬರೂ ಉಣ್ಣೋಣ ಅಂದೆ. ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಮುದ್ದೆ ಮುರಿದಳು.

ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಆಶಾ ಅಕ್ಕ ಡಬ್ಬಿಗಳನ್ನ ಇಟ್ಟುಕೊಂಡು ಕೂತಿರ್ತಾರೆ. ಎರಡು ವಾರದ ಕೆಮ್ಮು ಇರೋರು ಒಂದೊಂದು ಇಸಕೊಳ್ಳಿ, ಹೆಸರು ಬರೆಸಿ. ಸೋಮವಾರ ಬೆಳಗಿನ ಬಸ್ಸಿಗೆ ನಾನೂ ಜೊತೆಗೆ ಬರ್ತೀನಿ.