ನಿವೃತ್ತಿಗೊಂದು ಊರು

ನಿವೃತ್ತರು ನೆಲೆಸಲು ಊರು ಹುಡುಕುವಾಗ ಮೊದಲು ವಿಚಾರಿಸುವುದು ಮನೆಬಾಡಿಗೆಯನ್ನು, ನೀರನ್ನು. ಮಾನ್ವಿಯ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬೆಳೆದ ಭತ್ತದ ಹಸಿರು ಕಣ್ಣನ್ನು ತಣಿಸುತ್ತದೆ. ‘ಹರಿಕಥಾಮೃತಸಾರ’ದ ಜಗನ್ನಾಥದಾಸರು ಬಾಳಿದ ಊರೆಂಬ ಸಮಾಧಾನವೂ ಉಂಟು. ದೇವದುರ್ಗದ ಸೀಮೆಗೆ ಕೃಷ್ಣೆಯ ನೀರಿದೆ, ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇದೆ; ನಗರದ ಗದ್ದಲವಿಲ್ಲ. ಆದರೆ ನಡುರಾತ್ರಿ ಎದೆನೋವು ಕಾಣಿಸಿದರೆ, ಎರಡೂ ಊರುಗಳಿಂದ ರಾಯಚೂರಿನ ದೊಡ್ಡಾಸ್ಪತ್ರೆ 40 ಕಿಲೋಮೀಟರಿಗೂ ಆಚೆ. 1871ರಲ್ಲೇ ಮುಂಬಯಿ, ಮದರಾಸುಗಳ ರೈಲುದಾರಿಗಳು ಕೂಡಿದ ರಾಯಚೂರಿಗೆ ದೂರದ ಮಕ್ಕಳು ಬರುವುದೂ ಸುಲಭ.

ಬೇಸಿಗೆಯ ಉರಿ ಮಾತ್ರ ಮೂರೂ ಕಡೆ ಒಂದೇ. ಆದುದರಿಂದ ಊರು ನೋಡಹೊರಟವರು ಮೇ ತಿಂಗಳಲ್ಲಿ ಹೋಗಿ ಎಂಟು ದಿನ ತಂಗಬೇಕು. ಮುಪ್ಪಿಗೆ ಆಸ್ಪತ್ರೆಯಷ್ಟೇ ಮಾತಿನ ಜೊತೆಯೂ ಬೇಕು. ಆ ಧಗೆಯ ಸಂಜೆಯಲ್ಲೂ ಕಟ್ಟೆಯ ಮೇಲೆ ‘ಬರ್ರಿ, ಕುಂದರ್ರಿ’ ಎಂದು ಸರಿದು ಜಾಗ ಕೊಡುವವರುಂಟೇ ಎಂಬುದನ್ನೂ ನೋಡಬೇಕು.