ಅಡಿಗೆಮನೆಯ ಸಾಧಕ

ಕ್ರೈಸ್ತಮತದಲ್ಲಿ ಭಕ್ತಿಜೀವನದ ಬೆಳವಣಿಗೆಯನ್ನು ಹೇಳುವಾಗ ಶಿಶುವಿನ ಉಪಮಾನವನ್ನು ಬಳಸುವ ರೂಢಿ ಬಹು ಹಿಂದಿನಿಂದಲೂ ಉಂಟು. ಸಂತ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಪತ್ರದಲ್ಲಿ, ಅವರು ಇನ್ನೂ ಹಾಲು ಕುಡಿಯತಕ್ಕ ಕೂಸುಗಳೆಂದೂ, ಗಟ್ಟಿಯಾದ ಆಹಾರವನ್ನು ಅರಗಿಸಿಕೊಳ್ಳಲಾರರೆಂದೂ ಆಕ್ಷೇಪಿಸುತ್ತಾನೆ. ಹಾಲು ಯಾವುದು, ಗಟ್ಟಿಯಾದ ಆಹಾರ ಯಾವುದು ಎಂಬ ವಿಚಾರವಾಗಿ ಪಂಡಿತರು ಬರೆದಿರುವ ಗ್ರಂಥಗಳಿಗೆ ಲೆಕ್ಕವಿಲ್ಲ. ಅವುಗಳ ಗೊಡವೆಗೆ ಹೋಗದೆ, ಒಬ್ಬ ಮನುಷ್ಯನ ಚರಿತ್ರೆಯನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದು ನನ್ನ ಅಪೇಕ್ಷೆ. ಆತನು ಪಂಡಿತನಲ್ಲ, ಗುರುಪಟ್ಟವನ್ನು ಪಡೆದವನೂ ಅಲ್ಲ. ಪ್ಯಾರಿಸ್ ನಗರದ ಒಂದು ಮಠದಲ್ಲಿ ಅಡಿಗೆಯವನಾಗಿದ್ದವನು.

ಈತನ ಪೂರ್ವಾಶ್ರಮದ ಹೆಸರು ನಿಕೊಲಾ ಎರ್ಮಾನ್. ಲೊರೇನ್ ಪ್ರಾಂತದ ಬಡ ಕುಟುಂಬದಲ್ಲಿ ಸುಮಾರು 1614ರಲ್ಲಿ ಹುಟ್ಟಿದನು. ಯೂರೋಪನ್ನು 1618ರಿಂದ 1648ರ ವರೆಗೆ ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಸೇರಿ, ಗಾಯಗೊಂಡು, ಕುಂಟನಾದನು. ಬಳಿಕ ಒಬ್ಬ ಧನಿಕ ಅಧಿಕಾರಿಯ ಮನೆಯಲ್ಲಿ ಪರಿಚಾರಕನಾಗಿದ್ದನು. ತಾನು ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒಡ್ಡ ಆಳಾಗಿದ್ದೆನೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಸಂನ್ಯಾಸಿಗಳ ಮಠವನ್ನು ಹೊಕ್ಕನು. ಪೂಜಾವಿಧಿಗಳನ್ನು ನಡಸುವ ಅಧಿಕಾರವಿಲ್ಲದ, ಮೈಗೆಲಸಕ್ಕಾಗಿಯೇ ಮೀಸಲಾದ ಸಾಮಾನ್ಯ ಸಹೋದರರ ವರ್ಗಕ್ಕೆ ಅವನನ್ನು ಸೇರಿಸಿಕೊಂಡರು. ಅಲ್ಲಿ ದೊರೆತ ಹೆಸರೇ ಲಾರೆನ್ಸ್. ತನ್ನ ಒಡ್ಡತನಕ್ಕೆ ಮಠದಲ್ಲಿ ತಕ್ಕ ಶಿಕ್ಷೆಯಾದೀತೆಂದು ಬಂದವನಿಗೆ ಅಲ್ಲಿ ತೃಪ್ತಿಯೇ ದೊರೆತು, ದೇವರು ತನ್ನನ್ನು ಮೋಸಗೊಳಿಸಿದನೆಂದು ಆತನು ವಿನೋದವಾಡುತ್ತಿದ್ದನಂತೆ.

ಈತನ ಭಕ್ತಿಗೆ ಬೀಜ ಬಿದ್ದುದು ಹದಿನೆಂಟನೆಯ ವಯಸ್ಸಿನಲ್ಲಿ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬೋಳಾಗಿ ನಿಂತಿದ್ದ ಒಂದು ಮರವನ್ನು ನೋಡಿದನು. ಇನ್ನು ಕೆಲವು ಕಾಲದಲ್ಲಿ ಇದೇ ಮರ ಚಿಗುರಿ, ಹೂತು, ಕಾಯಿಬಿಡುವುದಷ್ಟೆ ಎಂದು ಯೋಚಿಸುತ್ತಿರುವಾಗಲೇ ಭಗವಂತನ ಶಕ್ತಿಯ ಮತ್ತು ಪಾಲನೆಯ ಅರಿವು ಅವನಲ್ಲಿ ನಾಟಿತು. ಆ ಅರಿವು ಮತ್ತೆಂದೂ ಮಾಸಲಿಲ್ಲವೆಂದು ಆತನ ಹೇಳಿಕೆ.

ಸಾಧಾರಣವಾಗಿ ಭಕ್ತರ ಕಥೆಗಳನ್ನು ಹೇಳುವವರು ಇಲ್ಲಿಂದ ನೇರವಾಗಿ ಆನಂದಕ್ಕೆ ಹಾರಿಬಿಡುತ್ತಾರೆ. ಆದರೆ ಲಾರೆನ್ಸನ ಬಾಳಿನಲ್ಲಿ ಬೀಜ ಬಿದ್ದುದಕ್ಕೂ ಫಲ ಮಾಗಿದುದಕ್ಕೂ ನಡುವೆ ದೀರ್ಘವಾದ ಬರಗಾಲವೊಂದಿದೆ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಬೆಲೆಯುಳ್ಳ ಭಾಗವೆಂದರೆ ಅದೇ. ಮಠವನ್ನು ಸೇರಿದ ಮೇಲೆ ಸುಮಾರು ಹತ್ತು ವರ್ಷ ಆತನು ಬಹಳವಾಗಿ ನೊಂದನು. ಅದರಲ್ಲಿಯೂ ನಾಲ್ಕು ವರ್ಷಗಳ ಕಾಲ, ತಾನು ನರಕಕ್ಕೆ ಗುರಿಯಾದವನೇ ಸರಿ ಎಂಬ ನಿಶ್ಚಯ ಅವನನ್ನು ಬಿಡಲಿಲ್ಲ. ಲೋಕದವರೆಲ್ಲ ಒಟ್ಟಾಗಿ ಬಂದು ಅಲ್ಲವೆಂದರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಹಗಲೆಲ್ಲ ದುಡಿತ, ಹೊತ್ತು ಹೊತ್ತಿಗೆ ಪ್ರಾರ್ಥನೆ, ಒಳಗೆ ಮಾತ್ರ ಕತ್ತಲೆ. ಇಂಥ ಅವಸ್ಥೆಯಲ್ಲಿ ಮನುಷ್ಯನಿಗೆ ಎರಡು ದಾರಿಗಳು ತೋರುತ್ತವೆ: ಸಾಧನೆಯನ್ನು ಕೈಬಿಡುವುದು, ಇಲ್ಲವೆ ಸಮಾಧಾನವನ್ನು ಹೇಗಾದರೂ ಪಡೆಯಬೇಕೆಂದು ಹೊಸ ಹೊಸ ವಿಧಾನಗಳನ್ನು ಹುಡುಕುವುದು. ಲಾರೆನ್ಸನು ಎರಡನ್ನೂ ಮಾಡಲಿಲ್ಲ. ತಾನು ಸಂನ್ಯಾಸವನ್ನು ಕೈಕೊಂಡುದು ದೇವರ ಮೇಲಿನ ಪ್ರೀತಿಗಾಗಿ. ಕೊನೆಗೆ ತಾನು ಉಳಿದರೂ ಅಳಿದರೂ, ಬದುಕಿರುವಷ್ಟು ದಿನ ಆ ಪ್ರೀತಿಗಾಗಿಯೇ ನಡೆದುಕೊಳ್ಳುವುದು ತನ್ನ ಕೈಯಲ್ಲಿದೆ ಎಂದು ತೀರ್ಮಾನಿಸಿದನು. ಈ ಕಳವಳದಲ್ಲಿಯೇ ಆಯುಸ್ಸು ಮುಗಿಯಲಿ ಎಂದು ಒಪ್ಪಿ ಕುಳಿತಾಗ, ಅವನ ಚಿತ್ತ ಒಮ್ಮಿಂದೊಮ್ಮೆಗೆ ತಿಳಿಯಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಶಾಂತಿ ದೊರೆಯಲೆಂದು ಆತನು ಶಾಂತಿಯನ್ನು ಬಿಟ್ಟವನಲ್ಲ. ಹಾಗೆ ಬಿಟ್ಟಿದ್ದರೆ ಅದು ಬರಿಯ ವ್ಯಾಪಾರವಾಗುತ್ತಿತ್ತು. ದೇವರಿಂದ ಬರತಕ್ಕ ಸುಖದ ಆಸೆ ಕಳಚಿ ದೇವರೊಬ್ಬನೇ ಉಳಿದನು. ಪೌಲನು ಹೇಳುವ ಗಟ್ಟಿಯಾದ ಆಹಾರ ಇದೇ ಇರಬಹುದೆಂದು ನನಗೆ ತೋರುತ್ತದೆ.

ಇನ್ನು ಅಡಿಗೆಮನೆಯ ಮಾತು. ಆ ಕೆಲಸದಲ್ಲಿ ಆತನಿಗೆ ಹುಟ್ಟಿನಿಂದಲೇ ಬೇಸರ. ಆದರೂ ಸುಮಾರು ಹದಿನೈದು ವರ್ಷ ಅದನ್ನು ನಡಸಿಕೊಂಡು ಬಂದನು. ಬಾಣಲೆಯಲ್ಲಿ ಆಮ್ಲೆಟ್ಟನ್ನು ಮಗುಚುವುದೂ ದೇವರ ಪ್ರೀತಿಗಾಗಿಯೇ. ನೆಲದಿಂದ ಒಂದು ಹುಲ್ಲುಕಡ್ಡಿಯನ್ನು ಎತ್ತುವುದೂ ಅದಕ್ಕಾಗಿಯೇ. ಮಠಕ್ಕೆ ಬೇಕಾದ ದ್ರಾಕ್ಷಾರಸವನ್ನು ಕೊಂಡುತರಲು ಬರ್ಗಂಡಿಗೆ ಅವನನ್ನು ಕಳುಹಿಸಿದರು. ವ್ಯವಹಾರ ತಿಳಿಯದು, ಕಾಲು ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡು ಅತ್ತಿಂದಿತ್ತ ಹೋಗಬೇಕಾಗಿತ್ತು. ಇದು ನಿನ್ನ ಕೆಲಸವಪ್ಪಾ ಎಂದು ದೇವರಿಗೆ ಒಪ್ಪಿಸಿ ಹೊರಟನಂತೆ; ಕೆಲಸ ಚೆನ್ನಾಗಿಯೇ ಕೈಗೂಡಿತಂತೆ. ಮುಂದೆ ಕಾಲಿನ ಹುಣ್ಣು ಹೆಚ್ಚಲು, ಕುಳಿತು ಮಾಡುವ ಕೆಲಸವೆಂದು ಪಾದರಕ್ಷೆಗಳನ್ನು ಹೊಲಿಯಲು ಹಾಕಿದರು. ಆಗಲೂ ಅಡಿಗೆಮನೆಗೆ ನೆರವಾಗಲು ಹೋಗುತ್ತಲೇ ಇದ್ದನು.

ಗೊತ್ತಾದ ಪ್ರಾರ್ಥನೆಯ ವೇಳೆಗೂ ಪಾತ್ರೆಗಳ ಗದ್ದಲದ ವೇಳೆಗೂ ಆತನಿಗೆ ಭೇದವಿರಲಿಲ್ಲ. ಇದನ್ನು ಕೇಳಿ, ಹಾಗಾದರೆ ಪ್ರಾರ್ಥನೆಯೇ ಬೇಡವೆಂದು ತಿಳಿಯುವ ಚತುರರೂ ಉಂಟು. ಲಾರೆನ್ಸನು ಮಠದ ನಿಯಮದ ಪ್ರಾರ್ಥನೆಯನ್ನು ತಪ್ಪಿಸಿದವನಲ್ಲ. ಚಂಚಲವಾದ ಮನಸ್ಸನ್ನು ಮೆಲ್ಲಗೆ ಮರಳಿಸಿ ಮರಳಿಸಿ ತಂದು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಈ ಸ್ಥಿತಿ ಲಭಿಸಿತು. ಕರ್ತವ್ಯದಲ್ಲಿ ತಪ್ಪಿದಾಗ, ನನ್ನ ಪಾಡಿಗೆ ಬಿಟ್ಟರೆ ನಾನು ಮಾಡುವುದು ಹೀಗೆಯೇ ಎಂದು ದೇವರಲ್ಲಿ ನಿವೇದಿಸಿ, ಮತ್ತೆ ಅದನ್ನು ಕೆದಕದೆ ಕೆಲಸಕ್ಕೆ ತೊಡಗುತ್ತಿದ್ದನು. ಮಾಡಿದ ತಪ್ಪನ್ನು ನೆನೆನೆನೆದು ಕೊರಗುವುದರಲ್ಲಿಯೂ ಒಂದು ಬಗೆಯ ಅಹಂಕಾರವಿದೆ. ಅದು ಅವನಲ್ಲಿ ಉಳಿದಿರಲಿಲ್ಲ.

ಸಲಹೆಯನ್ನು ಬಯಸಿ ಬರೆದವರಿಗೆ ಆತನು ಉತ್ತರ ಕೊಡುತ್ತಿದ್ದನು. ಒಂದು ಪತ್ರದಲ್ಲಿ, ಉತ್ಸಾಹದಿಂದ ಕೂಡಿದ ಒಬ್ಬಾಕೆಯ ವಿಷಯವಾಗಿ, ಕೃಪೆಯನ್ನೂ ಹಿಂದೆ ಹಾಕಿ ಓಡಲು ಆಕೆ ಬಯಸುತ್ತಾಳೆ, ಪುಣ್ಯಪದವಿ ಒಂದೇ ದಿನಕ್ಕೆ ಬಾರದು ಎಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ತಾನೇ ಹತ್ತು ವರ್ಷ ಕಾದವನಿಗೆ ಈ ಮಾತನ್ನಾಡುವ ಹಕ್ಕುಂಟು.

1666ರಲ್ಲಿ ಜೋಸೆಫ್ ದ ಬೊಫೊರ್ ಎಂಬ ಧರ್ಮಗುರು ಈತನನ್ನು ಕಂಡು, ಕೇಳಿದ ಮಾತುಗಳನ್ನು ಬರೆದಿಟ್ಟುಕೊಂಡನು. ಲಾರೆನ್ಸನು 1691ರ ಫೆಬ್ರವರಿಯಲ್ಲಿ ತೀರಿಕೊಂಡ ಬಳಿಕ, 1692ರಲ್ಲಿಯೂ 1694ರಲ್ಲಿಯೂ ಅವು ಅಚ್ಚಾದುವು. ಅಷ್ಟರಲ್ಲಿ ಫ್ರಾನ್ಸ್ ದೇಶದಲ್ಲಿ ಕ್ವಾಯೆಟಿಸಂ ಎಂಬ ಮೌನಭಕ್ತಿಯ ವಿವಾದ ಎದ್ದಿತು. ಲಾರೆನ್ಸನನ್ನು ಕಂಡು ಮೆಚ್ಚಿದ್ದ ಬಿಷಪ್ ಫೆನೆಲೋನನ ಗ್ರಂಥವನ್ನೇ 1699ರಲ್ಲಿ ಪೋಪರು ಖಂಡಿಸಿದರು. ಆ ಗಲಭೆಯಲ್ಲಿ ಅಡಿಗೆಯವನ ಮಾತುಗಳು ಸ್ವದೇಶದಲ್ಲಿ ಮೂಲೆಗೆ ಬಿದ್ದುವು. ಅವನ್ನು ಕಾಪಾಡಿದವರು ಯಾರೆಂದರೆ, ಮಠಗಳನ್ನೇ ಒಪ್ಪದ ಇಂಗ್ಲಿಷ್ ಪ್ರಾಟೆಸ್ಟಂಟರು! ಜಾನ್ ವೆಸ್ಲಿಯೂ ತನ್ನ ಗ್ರಂಥಮಾಲೆಯಲ್ಲಿ ಅವಕ್ಕೆ ಸ್ಥಳ ಕೊಟ್ಟನು. ಈಗ ದೊರೆಯುವುದು ನಾಲ್ಕು ಸಂಭಾಷಣೆಗಳು, ಹದಿನೈದು ಹದಿನಾರು ಪತ್ರಗಳು, ಕೆಲವು ಸೂತ್ರಗಳು. ಒಂದು ಸಂಜೆಗೆ ಓದಿ ಮುಗಿಸಬಹುದಾದಷ್ಟು.

ಕಡೆಯ ಕಾಯಿಲೆಯಲ್ಲಿ ಮಲಗಿದ್ದಾಗ, ಏನು ಮಾಡುತ್ತಿರುವಿರಿ, ಮನಸ್ಸು ಯಾವುದರಲ್ಲಿ ತೊಡಗಿದೆ ಎಂದು ಮಠದವರೊಬ್ಬರು ವಿಚಾರಿಸಿದರಂತೆ. ಮುಂದೆ ಎಂದೆಂದಿಗೂ ಮಾಡಲಿರುವುದನ್ನೇ ಈಗಲೂ ಮಾಡುತ್ತಿದ್ದೇನೆ, ದೇವರನ್ನು ಸ್ತುತಿಸುತ್ತಿದ್ದೇನೆ ಎಂಬರ್ಥದ ಉತ್ತರ ಬಂದಿತು.